ಸೋಮವಾರದ ಸಾರು

ಮಾರ್ಚ್ 4, ಮಂಗಳವಾರ

ಈ ದೇಶಕ್ಕೆ ಬಂದು ಹತ್ತು ದಿನವಾಯಿತು. ಮೂವತ್ನಾಲ್ಕು ವರ್ಷ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವನು ನಾನು. ಇಂಥ ನೋಟುಬುಕ್ಕುಗಳಲ್ಲಿ ಇಲ್ಲಿಯವರೆಗೆ ಬರೆದದ್ದೆಲ್ಲ ಐನೂರು ಎಲೆಗೆ ಬೇಳೆ ಎಷ್ಟು, ಸಾವಿರ ಎಲೆಗೆ ಹುಣಸೆಹಣ್ಣು ಎಷ್ಟು ಎಂಬುದನ್ನೇ. ಇಲ್ಲಿರುವುದು ಒಂದೇ ಎಲೆ, ಅದೂ ಪಿಂಗಾಣಿ ತಟ್ಟೆ. ಬರೆಯಲು ಬೇರೇನೂ ಇಲ್ಲದ್ದರಿಂದ ನನ್ನ ವಿಷಯವನ್ನೇ ಬರೆಯುತ್ತಿದ್ದೇನೆ. ಯಾರೂ ಓದುವ ಹಾಗಿಲ್ಲ. ಓದಿದರೆ ಅವರ ಕರ್ಮ.

ಮಗಳಿಗೆ ಈಗ ಬಸುರಿನ ಆರನೇ ತಿಂಗಳು. ಅಳಿಯ ಸೇತುವೆ ಕಟ್ಟುವ ಕಡೆ ವೆಲ್ಡರ್, ಹದಿನೈದು ದಿನಕ್ಕೊಮ್ಮೆ ಬಂದು ಎರಡು ದಿನ ಇದ್ದು ಹೋಗುತ್ತಾನೆ. ಅವಳಮ್ಮ ತೀರಿಕೊಂಡು ಎರಡು ವರ್ಷ. ಹಾಗಾಗಿ ಬಸುರಿಯನ್ನು ನೋಡಿಕೊಳ್ಳಲು ಬರಬೇಕಾದ ಜಾಗಕ್ಕೆ ನಾನು ಬಂದಿದ್ದೇನೆ, ಐದು ಕೇಜಿ ಸಾರಿನಪುಡಿಯ ಸಮೇತ. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿಸಿ ಮೂಸಿದ ಅಧಿಕಾರಿ ನಾಲ್ಕು ಸಲ ಸೀನಿ, ಹೋಗು ಹೋಗು ಎಂದು ಕೈಬೀಸಿದ.

ಮಗಳಿಗೆ ಊಟ ಸೇರುತ್ತಿಲ್ಲ. ಇವತ್ತು ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು. ತೂಕ ಏರಿಲ್ಲವಂತೆ, ಮಗು ಸಣ್ಣದಿದೆಯಂತೆ. ಮೂರು ವಾರ ನೋಡೋಣ ಎಂದರಂತೆ. ಆಮೇಲೆ ಏನು ಎಂಬುದನ್ನು ಮಗಳು ನನಗೆ ಹೇಳಲಿಲ್ಲ. ಆದರೆ ಡಾಕ್ಟರಮ್ಮ ಹಾಸಿಗೆ ತೋರಿಸಿ, ತಮ್ಮ ಮುಂಗೈಗೆ ಸೂಜಿ ಚುಚ್ಚುವ ಹಾಗೆ ಮಾಡಿದ್ದನ್ನು ನಾನು ನೋಡಿದ್ದೆ. ಭಾಷೆ ಬಾರದಿದ್ದರೂ ಕಣ್ಣಿದೆಯಲ್ಲ.

ಬಂದವನೇ ಸಾರಿಗೆ ಇಟ್ಟೆ. ಇಲ್ಲಿಯ ಒಲೆಗೆ ಬೆಂಕಿಯೇ ಇಲ್ಲ. ಗಾಜಿನ ಹಲಗೆ, ಅದು ಕೆಂಪಗಾಗುತ್ತದೆ, ಅಷ್ಟೇ. ಹೆಚ್ಚಿಸಿದೆನೋ ಇಳಿಸಿದೆನೋ ತಿಳಿಯುವುದಿಲ್ಲ. ಬೇಳೆ, ಹುಣಸೆ, ಪುಡಿ ಎಲ್ಲವನ್ನೂ ಕೈ ತಾನಾಗಿ ಹಾಕಿತು. ನೋಡಿದರೆ ಮೂವತ್ತು ಎಲೆಗಾಗುವಷ್ಟು ಸಾರು. ಹೂದಾನಿಯೊಂದನ್ನು ಬಿಟ್ಟು ಮನೆಯ ಪಾತ್ರೆಗಳೆಲ್ಲ ತುಂಬಿದವು.

"ಯಾರ ಮದುವೆ ಅಪ್ಪ?" ಎಂದಳು ಮಗಳು. ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ಹಿಂದಿನ ದಿನದ ಸಾರನ್ನು ಯಾರಿಗೂ ಬಡಿಸಿದವನಲ್ಲ ನಾನು. ಉಳಿದದ್ದನ್ನು ಸಿಂಕಿಗೆ ಸುರಿದೆ. ಸಿಂಕ್ ಕಟ್ಟಿಕೊಂಡಿತು.

ಮಾರ್ಚ್ 6, ಗುರುವಾರ

ಹುಳಿ ಮಾಡಿದೆ, ಪಲ್ಯ ಮಾಡಿದೆ, ಚಿತ್ರಾನ್ನ ಮಾಡಿದೆ. ಎಲ್ಲಕ್ಕೂ ಅದೇ ಎರಡು ತುತ್ತು. ನಾನು ಸೌಟು ಹಿಡಿದು ಅವಳ ಪಕ್ಕದಲ್ಲೇ ನಿಂತಿದ್ದೆ.

"ಕೂತ್ಕೋ ಅಪ್ಪ, ನೀನೂ ಊಟ ಮಾಡು."

"ಬಡಿಸೋರು ಕೂತ್ಬಿಟ್ರೆ ಪಂಕ್ತಿ ನಡೆಯುತ್ತಾ?"

"ಪಂಕ್ತಿಯಲ್ಲಿ ನಾನೊಬ್ಬಳೇ ಇದ್ದೀನಿ."

ಅಡುಗೆಯವನು ಕೊನೆಗೆ ಉಣ್ಣಬೇಕು, ಅದು ಪದ್ಧತಿ. ಬಡಿಸುವ ಮುಂಚೆ ನಾಲಿಗೆಗೆ ತಾಗಿಸಿ ನೋಡುವುದೂ ಇಲ್ಲ. ವಾಸನೆ ಮೇಲೆ ಉಪ್ಪು ಹೇಳುತ್ತೇನೆ. ಇನ್ನು ಕೊನೆಗೆ ಉಣ್ಣುವ ಹೊತ್ತಿಗೆ, ಬೆಳಗಿನಿಂದ ಸಾರು ಕುದಿಸಿದವನಿಗೆ ಸಾರು ಬೇಡವೇ ಬೇಡ. ನನ್ನದು ಯಾವತ್ತೂ ಮೊಸರನ್ನ.

ಏನು ಕೊರತೆ ಹೇಳು ಎಂದು ಒತ್ತಾಯ ಮಾಡಿದೆ. ಹೇಳಬಾರದಿತ್ತು ಎನ್ನುವ ಮುಖ ಮಾಡಿಕೊಂಡೇ ಹೇಳಿದಳು.

"ಚೆನ್ನಾಗಿದೆ ಅಪ್ಪ. ಆದ್ರೆ ಮದುವೆ ಮನೆ ಊಟದ ಹಾಗಿದೆ. ನಂಗೆ ಅದು ಆಗಲ್ಲ. ಚಿಕ್ಕಂದಿನಿಂದ್ಲೂ ಆಗಲ್ಲ."

ಮದುವೆ ಮನೆ ಊಟದ ಹಾಗಿದೆ! ಆ ಊಟಕ್ಕಾಗಿಯೇ ಜನ ಮನೆ ಮುಂದೆ ಬಂದು ನಿಂತು ಮುಂಗಡವಾಗಿ ನನ್ನನ್ನು ಗೊತ್ತು ಮಾಡಿ ಹೋಗುತ್ತಿದ್ದರು. ನನ್ನ ಅಡ್ಡಹೆಸರೇ ಸೌಟಪ್ಪ. ಸೌಟಪ್ಪನ ಸಾರು ಎಂದರೆ ಜನ ಕೈಬೆರಳು ಚೀಪುತ್ತಿದ್ದರು. ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಅದು ಆಗುವುದಿಲ್ಲವಂತೆ.

"ಅಮ್ಮನ ಸಾರು ಬೇಕು ಅನ್ಸುತ್ತೆ. ಅದೊಂದಿದ್ರೆ ತಿಂತೀನಿ," ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದಳು.

ಮಾರ್ಚ್ 7, ಶುಕ್ರವಾರ

ಬೆಳಗಿನಿಂದ ಯೋಚಿಸಿದೆ. ಹೆಂಡತಿ ಮಾಡುತ್ತಿದ್ದ ಸಾರು ಹೇಗಿತ್ತು ಎಂಬುದು ನನಗೆ ಗೊತ್ತೇ ಇಲ್ಲ. ನಾನು ಮನೆಯಲ್ಲಿದ್ದ ದಿನ ಅವಳು ಸಾರು ಮಾಡುತ್ತಲೇ ಇರಲಿಲ್ಲ. ಗೊಜ್ಜು, ಪಲ್ಯ, ಚಟ್ನಿ. "ದಿನಾ ಸಾರಿನ ಮುಂದೆ ಬೆವರು ಸುರಿಸಿ ಬರೋರಿಗೆ ಮನೇಲೂ ಸಾರೇನಾ?" ಎನ್ನುತ್ತಿದ್ದಳು. ಎಷ್ಟು ಕಾಳಜಿ ಎಂದು ನಾನು ಉಬ್ಬುತ್ತಿದ್ದೆ.

ಮಗಳಿಗೂ ಮಾಡುವ ಕ್ರಮ ಗೊತ್ತಿಲ್ಲ. ಅಡುಗೆಮನೆಗೆ ಬಂದರೆ "ಹೋಗು, ಓದಿಕೋ" ಎಂದು ಅವಳಮ್ಮ ಅಟ್ಟುತ್ತಿದ್ದಳಂತೆ. ಮಾಡಲು ಬರುವವನು ತಿಂದಿಲ್ಲ, ತಿಂದವಳಿಗೆ ಮಾಡಲು ಬರುವುದಿಲ್ಲ. ಒಳ್ಳೆ ಸಂಸಾರ ನಮ್ಮದು.

ಮಾರ್ಚ್ 10, ಸೋಮವಾರ

ಮಗಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಮಧ್ಯಾಹ್ನ ಅವಳಿಗೆ ಊಟ ತೆಗೆದುಕೊಂಡು ಹೋದೆ. ಎರಡು ತಿರುವು, ಒಂದು ಸಿಗ್ನಲ್, ಔಷಧಿ ಅಂಗಡಿ ದಾಟಿದರೆ ಸಿಕ್ಕಿತು. ಹಿಂದಿನ ಕೋಣೆಯಲ್ಲಿ ಕೂತಿದ್ದಳು. ಸಣ್ಣ ಯಂತ್ರವೊಂದು ನೀರು ಚಿಮುಕಿಸಿಕೊಂಡು ಗಾಜಿನ ಅಂಚನ್ನು ತೇಯುತ್ತಿತ್ತು. ತೇದ ಗಾಜನ್ನು ಒರೆಸಿ, ಫ್ರೇಮನ್ನು ಬಿಸಿಗಾಳಿಗೆ ಹಿಡಿದು, ಹೆಬ್ಬೆರಳಿನಿಂದ ಟಕ್ ಎಂದು ಕೂರಿಸಿ, ಬೆಳಕಿಗೆ ಹಿಡಿದು ನೋಡಿದಳು. ಒಪ್ಪಲಿಲ್ಲ. ಬಿಚ್ಚಿ ಮತ್ತೆ ತೇದಳು. ಈ ಹಟ ಯಾರದ್ದು ಎಂದು ನನಗೆ ಗೊತ್ತು.

ಊಟದ ಡಬ್ಬಿ ತೆಗೆದು ಒಂದು ಚಮಚ ಸಾರು ಬಾಯಿಗಿಟ್ಟು, "ಇವತ್ತು ಬೇಳೆ ಎಷ್ಟು ಹಾಕ್ದೆ?" ಎಂದಳು.

"ಅಳತೆ ಎಲ್ಲಿಂದ? ಕಣ್ಣಂದಾಜು."

"ನಾನು ಕಣ್ಣಂದಾಜಲ್ಲಿ ಕನ್ನಡಕ ಮಾಡಿದ್ರೆ ಈ ಊರಿನ ಜನ ಎಲ್ಲಾ ಕಂಬಕ್ಕೆ ಗುದ್ದಿಕೊಳ್ತಾರೆ ಅಪ್ಪ."

ಐನೂರು ಎಲೆಯ ಲೆಕ್ಕವನ್ನು ಐನೂರರಿಂದ ಭಾಗಿಸಿದರೆ ಒಬ್ಬರ ಸಾರು ಬರುವುದಿಲ್ಲ. ಮೂರು ದಿನ ಪ್ರಯತ್ನಪಟ್ಟು ಇದನ್ನು ಕಂಡುಕೊಂಡೆ. ಐನೂರನೇ ಒಂದು ಪಾಲು ಇಂಗು ಎಂದರೆ ಸೂಜಿಮೊನೆಯಷ್ಟು. ಅದನ್ನು ಹಾಕಿದೆನೋ ಇಲ್ಲವೋ ನನಗೇ ಅನುಮಾನ.

ಅವಳ ನೆನಪನ್ನೇ ಕೆದಕಿದೆ. ಬಾಯಲ್ಲಿ ಏನು ಬರುತ್ತಿತ್ತು, ಮೊದಲು ಹುಳಿಯೋ ಖಾರವೋ, ಮೇಲೆ ಏನು ತೇಲುತ್ತಿತ್ತು, ಎಲ್ಲ ಕೇಳಿದೆ. ಬೆಳ್ಳುಳ್ಳಿ ಇತ್ತು ಎಂದಳು. ಬೆಳ್ಳುಳ್ಳಿ! ಅದಕ್ಕೇ ನನಗೆ ಹೊಳೆದಿರಲಿಲ್ಲ, ಮದುವೆ ಅಡುಗೆಗೆ ಅದು ಬೀಳುವುದಿಲ್ಲ.

"ಇನ್ನೊಂದು ಗೊತ್ತಾ? ಸೋಮವಾರದ ಸಾರು ಎಲ್ಲಕ್ಕಿಂತ ಚೆನ್ನಾಗಿರ್ತಿತ್ತು. ಸ್ಕೂಲಿಗೆ ಹೋಗೋಕೆ ಮುಂಚೆ ಬಿಸಿ ಅನ್ನಕ್ಕೆ ಹಾಕಿ ಕೊಡ್ತಿದ್ಲು. ಸೋಮವಾರ ಅಂದ್ರೆ ಎಲ್ಲರೂ ಅಳ್ತಾ ಎದ್ದೇಳ್ತಾರೆ, ನಾನು ಓಡಿ ಬಂದು ಕೂರ್ತಿದ್ದೆ."

ಸೋಮವಾರ ಯಾಕೆ? ಅವಳಮ್ಮನಿಗೆ ಆ ದಿನ ಏನಾದರೂ ವ್ರತವಿತ್ತೋ ಏನೋ.

ಮಾರ್ಚ್ 13, ಗುರುವಾರ

ಬೆಳ್ಳುಳ್ಳಿ ಹಾಕಿ ಮಾಡಿದೆ. "ಹತ್ರ ಬಂತು, ಆದ್ರೆ ಅದಲ್ಲ," ಎಂದಳು. ಹುಣಸೆ ಬಿಟ್ಟು ನಿಂಬೆ ಹಿಂಡಿದೆ. ಅದಲ್ಲ. ಬೇಳೆ ಹೆಚ್ಚು ಮಾಡಿದೆ. ಅದಲ್ಲ. ಬರೀ ಮೆಣಸು ಜೀರಿಗೆ. "ಇದು ಜ್ವರ ಬಂದಾಗ ಕುಡಿಯೋದು."

ನಿಂತು ನಿಂತು ಮಂಡಿ ಹಿಡಿದುಕೊಳ್ಳುತ್ತಿದೆ. ಇವತ್ತು ಅವಳೆದುರು ಕುರ್ಚಿ ಎಳೆದುಕೊಂಡು ಕೂತೇ ಬಡಿಸಿದೆ.

ಮಾರ್ಚ್ 15, ಶನಿವಾರ

ಅಳಿಯ ಬಂದಿದ್ದಾನೆ. ಮಾವನ ಮೇಲಿನ ಭಯಕ್ಕೆ ಮೂರು ಸಲ ಸಾರು ಹಾಕಿಸಿಕೊಂಡು, "ಸೂಪರ್ ಮಾವ" ಎಂದ. ಪಾಪ, ಒಳ್ಳೆಯ ಹುಡುಗ. ಕಲ್ಲು ಬೇಯಿಸಿ ಹಾಕಿದರೂ ಸೂಪರ್ ಎನ್ನುತ್ತಾನೆ.

ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಮಗಳನ್ನು ನಿಲ್ಲಿಸಿ ನೋಡಿದ. ಇನ್ನೂರು ಗ್ರಾಂ ಇಳಿದಿದ್ದಾಳೆ. ಇಬ್ಬರೂ ಪಿಸುಪಿಸು ಮಾತಾಡಿಕೊಂಡರು. ಡಾಕ್ಟರಮ್ಮ ಹೇಳಿದ ದಿನಕ್ಕೆ ಇನ್ನು ಹತ್ತು ದಿನವಿದೆ.

ನನಗೆ ಹೆದರಿಕೆಯಾಗುತ್ತಿದೆ.

ಮಾರ್ಚ್ 17, ಸೋಮವಾರ

ಮಗಳು ಕೆಲಸಕ್ಕೆ ಹೋದ ಮೇಲೆ ಊರಿಗೆ ಫೋನು ಮಾಡಿದೆ. ನಾದಿನಿಗೆ, ಅಂದರೆ ನನ್ನ ಹೆಂಡತಿಯ ತಂಗಿಗೆ. ಮಗಳು ಚಿಕ್ಕವಳಿದ್ದಾಗ ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯಲ್ಲೇ ಇದ್ದವಳು. ಅವಳಿಗಾದರೂ ಗೊತ್ತಿರಬೇಕಲ್ಲ. ಈ ಬುದ್ಧಿ ಮೊದಲೇ ಬರಬೇಕಿತ್ತು. ಆದರೆ ಸೌಟಪ್ಪ ಯಾರನ್ನಾದರೂ ಸಾರು ಹೇಗೆ ಮಾಡುವುದು ಎಂದು ಕೇಳುವುದುಂಟೇ?

"ನಿಮ್ಮಕ್ಕ ಸಾರು ಹೇಗೆ ಮಾಡ್ತಿದ್ಲು?" ಎಂದೆ.

"ಯಾವ ಸಾರು ಭಾವ?"

"ಬೆಳ್ಳುಳ್ಳಿ ಹಾಕಿ ಮಾಡ್ತಿದ್ಲಂತಲ್ಲ. ಸೋಮವಾರ."

ಲೈನು ಹೋಯಿತೇನೋ ಎಂದು ಹಲೋ ಹಲೋ ಎಂದೆ.

"ಇದ್ದೀನಿ ಭಾವ. ಬೈಬಾರ್ದು ನೀವು. ಅಕ್ಕ ಆಣೆ ಹಾಕಿಸಿದ್ಲು. ಈಗ ಅವಳೇ ಇಲ್ಲವಲ್ಲ, ಹೇಳ್ತೀನಿ. ಆ ಸಾರನ್ನ ಅಕ್ಕ ಮಾಡ್ತಿರ್ಲಿಲ್ಲ. ನೀವೇ ಮಾಡ್ತಿದ್ರಿ."

ನನಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಹೇಳುತ್ತಾ ಹೋದಳು.

ಭಾನುವಾರ ಮದುವೆ ಮುಗಿಸಿ, ಮಿಕ್ಕಿದ ಅಡುಗೆಯನ್ನು ನಾನು ದೊಡ್ಡ ಕ್ಯಾರಿಯರಿನಲ್ಲಿ ತುಂಬಿಕೊಂಡು ಸಂಜೆ ಮನೆಗೆ ಬರುತ್ತಿದ್ದೆ. ಸೋಮವಾರ ನಸುಕಿಗೇ ಮುಂದಿನ ಮದುವೆಯ ಸಾಮಾನಿಗೆಂದು ಹೊರಟುಬಿಡುತ್ತಿದ್ದೆ. ಅಡುಗೆಯವರಿಗೆ ಅದು ಸಲ್ಲುವ ಪಾಲು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಯಾರೋ ಅವಳನ್ನು ಆಡಿಕೊಂಡರಂತೆ, ಇವಳ ಮನೆಯಲ್ಲಿ ಕಂಡವರ ಮದುವೆಯಲ್ಲಿ ಮಿಕ್ಕಿದ್ದನ್ನು ತಿನ್ನುತ್ತಾರೆ ಎಂದು. ಮನೆಗೆ ಬಂದು ತಟ್ಟೆ ತಳ್ಳಿಬಿಟ್ಟಳಂತೆ. ಎರಡು ದಿನ ಏನೂ ತಿನ್ನಲಿಲ್ಲವಂತೆ. ನಾನು ಆ ಎರಡು ದಿನವೂ ಯಾವುದೋ ಮದುವೆಯಲ್ಲಿದ್ದೆ.

"ಅಕ್ಕ ಏನ್ ಮಾಡ್ಬೇಕು ಹೇಳಿ. ಮನೇಲಿ ಬೇರೆ ಏನಿತ್ತು? ಅವತ್ತಿಂದ ನೀವು ತಂದ ಕ್ಯಾರಿಯರನ್ನ ಮಗಳ ಎದುರೇ ಎತ್ಕೊಂಡು, ಹಿಂದಿನ ಮನೆಯವರಿಗೆ ಕೊಟ್ಟು ಬರ್ತೀನಿ ಅಂತ ಹೊರಡೋಳು. ಹಿಂದಿನ ಮನೆ ಅಂದ್ರೆ ನಮ್ಮನೆ. ಬೆಳಿಗ್ಗೆ ಹುಡುಗಿ ಏಳೋದ್ರೊಳಗೆ ಬಂದು, ಒಂದು ಹಿಡಿ ಬೇಳೆ ಬೇಯಿಸಿ ಅದರ ಕಟ್ಟನ್ನ ಬೆರೆಸೋಳು, ನೀರು ಹಾಕಿ ತೆಳ್ಳಗೆ ಮಾಡೋಳು, ಚೂರು ಬೆಲ್ಲ. ಚೆನ್ನಾಗಿ ಕುದಿಸಿ, ನಾಲ್ಕೆಸಳು ಬೆಳ್ಳುಳ್ಳಿ ಜಜ್ಜಿ ತುಪ್ಪದಲ್ಲಿ ಹೊಸ ಒಗ್ಗರಣೆ. ಮದುವೆ ಸಾರಿಗೆ ಬೆಳ್ಳುಳ್ಳಿ ಇರಲ್ವಲ್ಲ ಭಾವ, ಆ ವಾಸನೆ ಬಂದ್ರೆ ಇದು ಅಮ್ಮ ಈಗ ಮಾಡಿದ್ದು ಅಂತ ಮಗು ನಂಬ್ತಿತ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ತರೋದೇ ನಿಲ್ಲಿಸ್ತಿದ್ರಿ. ನಿಮ್ಮ ರೋಷ ನಮಗೆ ಗೊತ್ತಿಲ್ವಾ?"

ನಿಜ. ನಿಲ್ಲಿಸುತ್ತಿದ್ದೆ.

ಫೋನು ಇಟ್ಟ ಮೇಲೆ ಸುಮಾರು ಹೊತ್ತು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದೆ. ಮೊದಲು ಸಿಟ್ಟು ಬಂತು. ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟರಲ್ಲ ಎಂದು. ಆಮೇಲೆ ಬಂದದ್ದು ಸಿಟ್ಟಲ್ಲ. ನನ್ನ ಮಗಳು ಬೆಳೆದದ್ದು ನನ್ನ ಸಾರಿನಿಂದ. "ನೀನು ಊರಿಗೆಲ್ಲ ಬಡಿಸಿದೆ, ನಮಗೆ ಒಂದು ದಿನ ಬಡಿಸಲಿಲ್ಲ" ಎಂದು ಅವಳಮ್ಮನ ಹನ್ನೊಂದನೇ ದಿನ ಎಲ್ಲರ ಎದುರು ಅಂದಿದ್ದಳು. ಆ ಮಾತನ್ನು ಎರಡು ವರ್ಷದಿಂದ ನುಂಗಿಕೊಂಡಿದ್ದೇನೆ. ಈಗಲೇ ಅಂಗಡಿಗೆ ಹೋಗಿ, ನೀನು ಓಡಿ ಬಂದು ಕೂರುತ್ತಿದ್ದುದು ನನ್ನ ಕೈ ಅಡುಗೆಗೇ ಕಣೇ ಎಂದು ಕೂಗಿ ಹೇಳಬೇಕು ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡೆ. ಬೀಗದ ಕೈ ತೆಗೆದುಕೊಂಡೆ.

ಬಾಗಿಲ ಹತ್ತಿರ ಹೋದವನು ನಿಂತುಬಿಟ್ಟೆ. ಹೇಳಿದರೆ ಅವಳಮ್ಮನಿಗೆ ಏನು ಉಳಿಯುತ್ತದೆ? ಆ ತಟ್ಟೆ ತಳ್ಳಿದ ಹುಡುಗಿಗೆ ಅದು ಮತ್ತೆ ಮಿಕ್ಕಿದ ಸಾರೇ ಆಗಿಬಿಟ್ಟರೆ? ಚಪ್ಪಲಿ ಬಿಚ್ಚಿದೆ.

ಮಾರ್ಚ್ 18, ಮಂಗಳವಾರ

ಬೇಕೆಂದೇ ಮೂವತ್ತು ಎಲೆಗೆ ಸಾರು ಮಾಡಿದೆ. ಕೈ ಹೇಳಿದಷ್ಟು ಹಾಕಿದೆ, ಯಾವ ಭಾಗಾಕಾರವೂ ಇಲ್ಲ. ಎಷ್ಟು ದಿನವಾಗಿತ್ತು! ಒಗ್ಗರಣೆ ಬಿದ್ದಾಗ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಮಗಳಿಗೆ ರಾತ್ರಿಗೆ ಮೊಸರನ್ನ ಕೊಟ್ಟೆ. "ಅಷ್ಟೊಂದು ಸಾರು ಯಾಕೆ?" ಎಂದಳು. "ಕೈ ತಪ್ತು" ಎಂದೆ. ನಂಬಿದಳು. ಆರಿಸಿ ಡಬ್ಬಿಗಳಿಗೆ ತುಂಬಿ, ಎರಡು ಫ್ರಿಜ್ಜಿನಲ್ಲಿ, ಉಳಿದವು ಮಂಜಿನ ಖಾನೆಯಲ್ಲಿ.

ಬಸುರಿ ಮಗಳಿಗೆ ನಿನ್ನೆಯ ಸಾರು. ಸೌಟಪ್ಪನ ಮರ್ಯಾದೆ ಇನ್ನು ಎಲ್ಲಿಗೆ ಇಳಿಯಬೇಕೋ.

ಮಾರ್ಚ್ 19, ಬುಧವಾರ

ಬೇಳೆಯ ಕಟ್ಟು, ನೀರು, ಚೂರು ಬೆಲ್ಲ. ಚೆನ್ನಾಗಿ ಕುದಿಸಿದೆ. ತುಪ್ಪದಲ್ಲಿ ಬೆಳ್ಳುಳ್ಳಿ. ಅವಳು ಸಂಜೆ ಬಾಗಿಲು ತೆಗೆದು ಒಳಗೆ ಬಂದವಳು, ಒಂದು ಬೂಟು ಬಿಚ್ಚಿ ಇನ್ನೊಂದನ್ನು ಬಿಚ್ಚದೆ ಹಾಗೇ ನಿಂತಳು.

ಕೈ ತೊಳೆದು ಕೂತಳು. ಚಮಚ ಪಕ್ಕಕ್ಕಿಟ್ಟು ಕೈಯಲ್ಲಿ ಕಲೆಸಿದಳು. ಒಂದು ಸಲ, ಎರಡು ಸಲ, ಮೂರನೇ ಸಲ ಅನ್ನ ಹಾಕಿಸಿಕೊಂಡಳು. ಕೊನೆಗೆ ತಟ್ಟೆ ಎತ್ತಿ ಕುಡಿದಳು. ನಾನು ನನ್ನ ಮೊಸರನ್ನವನ್ನು ಮುಂದಿಟ್ಟುಕೊಂಡು ಅವಳನ್ನೇ ನೋಡುತ್ತಾ ಕೂತಿದ್ದೆ. ತಿನ್ನುವುದು ಮರೆತುಹೋಯಿತು.

ಮಾರ್ಚ್ 20

ನಾಲ್ಕು ಸಲ ಹಾಕಿಸಿಕೊಂಡಳು.

ಮಾರ್ಚ್ 22, ಶನಿವಾರ

ಡಬ್ಬಿಯಲ್ಲಿ ಅಂಗಡಿಗೂ ಒಯ್ಯುತ್ತಾಳೆ. ನಮ್ಮ ಅಡುಗೆಮನೆಯ ಒಲೆ ಈಗ ಹೇಳಿದ ಮಾತು ಕೇಳುತ್ತದೆ, ಐದರಲ್ಲಿಟ್ಟರೆ ಸಣ್ಣ ಕುದಿ, ಏಳಕ್ಕೆ ಕೊತಕೊತ ಕುದಿ. ಮಧ್ಯಾಹ್ನ ನಾವಿಬ್ಬರೂ ಪಾರ್ಕಿನ ತನಕ ನಡೆದು ಬಂದೆವು. ಹೊಟ್ಟೆಯೊಳಗೆ ಒದೆಯುತ್ತಿದೆ ಎಂದು ನನ್ನ ಕೈ ಹಿಡಿದು ಅಲ್ಲಿ ಇಟ್ಟುಕೊಂಡಳು. ಜೋರಾಗಿಯೇ ಒದೆಯಿತು.

ಮಾರ್ಚ್ 25, ಮಂಗಳವಾರ

ಡಾಕ್ಟರಮ್ಮ ನಕ್ಕರು. ಒಂದು ಕೇಜಿಯ ಹತ್ತಿರ ಹತ್ತಿರ ಏರಿದ್ದಾಳೆ. ಆಸ್ಪತ್ರೆಯ ಹಾಸಿಗೆ ಬೇಡ, ಹೀಗೇ ತಿನ್ನಲಿ ಎಂದರಂತೆ. ಏನು ತಿನ್ನುತ್ತಿದ್ದೀಯ ಎಂದು ಕೇಳಿದ್ದಕ್ಕೆ ಮಗಳು ನನ್ನ ಕಡೆ ಕೈ ತೋರಿಸಿದಳು. ಡಾಕ್ಟರಮ್ಮ ಎದ್ದು ನನ್ನ ಕೈ ಕುಲುಕಿದರು. ಸಾವಿರ ಎಲೆಯ ಮದುವೆಯಲ್ಲೂ ಯಾರೂ ಹೀಗೆ ಕೈ ಕುಲುಕಿರಲಿಲ್ಲ. ನಾನು ನಮಸ್ಕಾರ ಮಾಡಿದೆ.

ಮನೆಗೆ ಬಂದು ಊಟಕ್ಕೆ ಕೂತೆವು. ಅವಳಿಗೆ ಸಾರು, ನನಗೆ ಮೊಸರು. ಅರ್ಧ ಊಟದಲ್ಲಿ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಪ್ಪ, ನಿಜ ಹೇಳು. ಇದು ಅಮ್ಮನ ಸಾರೇ. ಚೂರೂ ಬದಲಿಲ್ಲ. ನಿಂಗೆ ಹೇಗೆ ಬಂತು?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ಹನ್ನೊಂದನೇ ದಿನ ಅವಳು ಅಂದ ಮಾತನ್ನು ಎರಡು ವರ್ಷದಿಂದ ನುಂಗಿಕೊಂಡಿದ್ದೆ, ಈಗ ಅದಕ್ಕೆ ಉತ್ತರ ನನ್ನ ಹತ್ತಿರವೇ ಇತ್ತು.

"ನಿನ್ನ ಚಿಕ್ಕಮ್ಮನ್ನ ಕೇಳ್ದೆ. ಅಮ್ಮ ಹೇಗೆ ಮಾಡ್ತಿದ್ಲು ಅಂತ ಹೇಳಿದ್ಲು," ಎಂದೆ.

"ಅಷ್ಟೇನಾ?"

"ಅಷ್ಟೇ."

ತಲೆಯಾಡಿಸಿ ಮತ್ತೆ ಎರಡು ತುತ್ತು ತಿಂದಳು. ಆಮೇಲೆ ಏನೋ ಹೊಳೆದವಳ ಹಾಗೆ ಮುಖ ಸಣ್ಣದು ಮಾಡಿಕೊಂಡಳು.

"ನೀನು ಇದನ್ನ ಒಂದು ಸಲಾನೂ ತಿಂದಿಲ್ಲ ಅಲ್ವಾ? ನೀನು ಮನೇಲಿದ್ದ ದಿನ ಅಮ್ಮ ಮಾಡ್ತಾನೇ ಇರ್ಲಿಲ್ಲ. ಎಲ್ಲಾ ನಾನೇ ತಿಂದೆ. ಪಾಪ ಅಪ್ಪ, ನಿಂಗೆ ಸಿಗ್ಲೇ ಇಲ್ಲ."

ನಾನು ಬೇಡ ಎನ್ನುವುದರೊಳಗೆ ಮೊಸರಿನ ತಟ್ಟೆಯನ್ನು ಆಚೆ ಸರಿಸಿ, ಬೇರೆ ತಟ್ಟೆಗೆ ಬಿಸಿ ಅನ್ನ ಹಾಕಿ, ಮೇಲೆ ಸಾರು ಸುರಿದು ನನ್ನ ಮುಂದಿಟ್ಟಳು. ಸೌಟು ಅವಳ ಕೈಯಲ್ಲಿತ್ತು. ತಿನ್ನು ಎಂದು ನಿಂತಳು.

ತಿಂದೆ. ಪುಡಿ ನನ್ನದು. ಹುಳಿ ನನ್ನದು. ಇಂಗು ಹಾಕಿದ ಕೈಯೂ ನನ್ನದೇ. ಆದರೆ ಇದು ನನ್ನ ಸಾರಾಗಿರಲಿಲ್ಲ. ನನ್ನದರಲ್ಲಿ ಯಾವಾಗಲೂ ಒಂದು ಜೋರಿರುತ್ತದೆ, ಐನೂರು ಜನರ ಗದ್ದಲದ ನಡುವೆಯೂ ನಾನಿದ್ದೇನೆ ಎಂದು ಹೇಳುವ ಜೋರು. ಇದರಲ್ಲಿ ನನ್ನ ಹೆಂಡತಿ ಅದನ್ನು ಮೆಲ್ಲಗೆ ಇಳಿಸಿಬಿಟ್ಟಿದ್ದಳು, ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಕೂತ ಒಂದು ಮಗುವಿನ ಬಾಯಿಗೆ ಹೊಂದುವಷ್ಟಕ್ಕೆ. ಇಂಥದ್ದು ನನಗೆ ಒಂದು ಸಲವೂ ಮಾಡಲು ಬಂದಿಲ್ಲ. ಮಗಳಿಗೆ ನಾನು ಹೇಳಿದ್ದು ಸುಳ್ಳಲ್ಲ.

ಕಣ್ಣಲ್ಲಿ ನೀರು ಬಂತು.

"ಖಾರ ಆಯ್ತಾ?" ಎಂದಳು.

"ಹೂಂ, ಸ್ವಲ್ಪ," ಎಂದು ತಟ್ಟೆ ಮುಂದೆ ಹಿಡಿದೆ. ಇನ್ನೊಂದು ಸೌಟು ಹಾಕಿದಳು. ಮೂವತ್ತೊಂದು ವರ್ಷ ಸಂಸಾರ ಮಾಡಿದ ಹೆಂಡತಿಯ ಕೈ ಸಾರನ್ನು ಇವತ್ತು ಮೊದಲ ಸಲ ಉಂಡೆ.